ಕರಸ್ಥಲದ ವಿದ್ಯೆ

ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂದು ಹಿರಿಯರು ಹೇಳುತ್ತ ಬಂದಿರುವರು. ಅನ್ನವು ಒಂದು ಹೊತ್ತಿನ ಹಸಿವನ್ನು ನೀಗುವುದು, ವಿದ್ಯೆಯು ಬಾಳಿನ ಹಸಿವನ್ನು ನೀಗುವುದು ಎಂಬುದೇ ಆ ಮಾತಿನ ಅಭಿಪ್ರಾಯ. ಆದರೆ ಈ ಎರಡು ದಾನಗಳಲ್ಲಿ ಒಂದು ಭೇದವುಂಟು. ನೀಡುವವನ ಸೌಟಿನಿಂದ ಉಣ್ಣುವವನ ತಟ್ಟೆಗೆ ಬಿದ್ದುದು ಅಲ್ಲಿಯೂ ಅನ್ನವೇ, ಇಲ್ಲಿಯೂ ಅನ್ನವೇ. ವಿದ್ಯೆಯ ಸಂಗತಿ ಹಾಗಲ್ಲ. ಗುರುವಿನ ಬಾಯಿಂದ ವಿದ್ಯೆಯಾಗಿ ಹೊರಟದ್ದು ಶಿಷ್ಯನನ್ನು ಮುಟ್ಟುವ ಹೊತ್ತಿಗೆ ಬರಿಯ ಸದ್ದಾಗಿರಬಹುದು, ಭಯವಾಗಿರಬಹುದು, ಪರೀಕ್ಷೆಯ ಅಂಕವಾಗಿರಬಹುದು. ಕೊಟ್ಟವನು ಕೊಟ್ಟೆನೆಂದು ತೃಪ್ತನಾಗಿರುವನು. ಪಡೆದವನು ಪಡೆದೆನೆಂದು ಕೈಮುಗಿಯುವನು. ನಡುವೆ ವಿದ್ಯೆಯು ಎಲ್ಲಿಯೋ ಸೋರಿಹೋಗಿರುವುದು. ಹಾಗಾದರೆ ಕಲಿಸುವುದೆಂದರೆ ಯಾವುದು? ಕಲಿಸಿದೆನೆಂದು ಅಧ್ಯಾಪಕನು ಯಾವಾಗ ಹೇಳಿಕೊಳ್ಳಬಹುದು? ಮಠದ ಪಾಠಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ಮೇಲೆಯೂ ನನ್ನನ್ನು ಬಿಡದೆ ಕಾಡುವ ಈ ಪ್ರಶ್ನೆಯನ್ನು ಶರಣಬಂಧುಗಳ ಮುಂದಿಡುತ್ತಿದ್ದೇನೆ.

ಇದು ನನ್ನಲ್ಲಿ ಗ್ರಂಥಾವಲೋಕನದಿಂದ ಹುಟ್ಟಿದ ಪ್ರಶ್ನೆಯಲ್ಲ. ಒಂದು ತಪ್ಪಿನಿಂದ ಹುಟ್ಟಿದುದು. ಆ ತಪ್ಪನ್ನು ಮೊದಲು ಒಪ್ಪಿಸಿ ಮುಂದುವರಿಯುವುದು ಉಚಿತ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಎಂಟನೆಯ ಇಯತ್ತೆಯಲ್ಲಿ ಕಾಯಕತತ್ತ್ವವನ್ನು ಕುರಿತು ಪಾಠ ನಡೆದಿತ್ತು. ನುಲಿಯ ಚಂದಯ್ಯನ ಕಥೆಯನ್ನು ನಾನು ಬಹು ಉತ್ಸಾಹದಿಂದ ಹೇಳಿದೆನು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮಸೇವೆ ಮಾಡುತ್ತಿದ್ದ ಆ ಶರಣನು ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿತ್ತೆಂದೂ, ಕಾಯಕದ ಹೊತ್ತು ಮೀರುವುದೆಂದು ಆತನು ಅದನ್ನು ತೆಗೆದುಕೊಳ್ಳಲೂ ನಿಲ್ಲದೆ ಹೊರಟನೆಂದೂ, ಲಿಂಗವೇ ಆತನ ಬೆನ್ನುಹತ್ತಿ ಬಂದಿತೆಂದೂ ವರ್ಣಿಸಿದೆನು. ಮಕ್ಕಳು ಕಣ್ಣರಳಿಸಿ ಕೇಳಿದರು. ನನಗೆ ನನ್ನ ವ್ಯಾಖ್ಯಾನದ ಮೇಲೆ ಸಂತೋಷವಾಯಿತು.

ಆ ತರಗತಿಯಲ್ಲಿ ಒಬ್ಬ ಹುಡುಗನು ಹಿಂದಿನ ಎಂಟು ದಿನ ಬಂದಿರಲಿಲ್ಲ. ತಂದೆಯಿಲ್ಲದ ಮನೆ, ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದವನು. ಶೇಂಗಾ ಕೀಳುವ ಸುಗ್ಗಿಯಲ್ಲಿ ಹೇಳದೆ ಊರಿಗೆ ಹೋಗಿಬಿಟ್ಟಿದ್ದನು. ಕಥೆಯನ್ನು ಮುಗಿಸಿದ ಕೂಡಲೇ ನಾನು ಅವನನ್ನು ಎಬ್ಬಿಸಿ ನಿಲ್ಲಿಸಿ, ಪಾಠವನ್ನು ಬಿಟ್ಟು ಅಲೆಯುವವನಿಗೆ ಈ ನಿಲಯದ ಅನ್ನವೇಕೆಂದು ಗದರಿದೆನು. ಹುಡುಗನು ತಲೆಯೆತ್ತಿ ನೋಡಿ, ‘ಗುರುಗಳೇ, ಅವ್ವನ ಜೋಡಿ ನಾನು ಶೇಂಗಾ ಕಿತ್ತದ್ದು ಕಾಯಕ ಅಲ್ಲೇನ್ರಿ?’ ಎಂದು ಕೇಳಿದನು. ತರಗತಿಯು ಒಮ್ಮೆಲೆ ನಕ್ಕಿತು. ನಗು ಅವನನ್ನು ಕುರಿತದ್ದೋ ನನ್ನನ್ನು ಕುರಿತದ್ದೋ ಎಂದು ನಾನು ವಿಚಾರಿಸಲಿಲ್ಲ. ನನಗೆ ಉತ್ತರ ತೋಚಲಿಲ್ಲ, ಕೈಯಲ್ಲಿ ಬೆತ್ತವಿತ್ತು. ‘ಎದುರು ಮಾತಾಡುವೆಯಾ?’ ಎಂದು ಎರಡೇಟು ಕೊಟ್ಟೆನು.

ಆ ಹುಡುಗನು ಓಡಿಹೋಗಲಿಲ್ಲ, ಓದನ್ನು ಬಿಡಲಿಲ್ಲ. ಹಾಗಾಗಿದ್ದರೆ ನನ್ನ ತಪ್ಪು ಅಂದೇ ನನಗೆ ಕಾಣುತ್ತಿತ್ತೋ ಏನೋ. ಅವನು ಉಳಿದನು; ಅಚ್ಚುಕಟ್ಟಾಗಿ ಪಾಠ ಒಪ್ಪಿಸುವವನಾದನು; ವಚನಕಂಠಪಾಠದ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆದನು. ಆದರೆ ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನು ಅವನು ಕೇಳಲಿಲ್ಲ. ನಾನಾದರೋ ಬೆತ್ತದ ಪ್ರಭಾವದಿಂದ ಹುಡುಗನು ಸರಿಹೋದನೆಂದೇ ತಿಳಿದಿದ್ದೆನು. ಹಲವು ವರ್ಷಗಳ ತರುವಾಯ ಜಾತ್ರೆಯಲ್ಲಿ ಭೆಟ್ಟಿಯಾದಾಗ ಅವನು ಕಾಲುಮುಟ್ಟಿ ನಮಸ್ಕರಿಸಿ, ‘ನೀವು ಹೇಳಿಕೊಟ್ಟದ್ದೆಲ್ಲ ಇನ್ನೂ ಬಾಯಿಗೆ ಬರುತ್ತದ್ರೀ’ ಎಂದನು. ನಾನು ಆ ದಿನದ ಪ್ರಶ್ನೆಯನ್ನು ನೆನಪಿಸಿದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಏನು ಕೇಳಿದ್ದೆನೋ ನೆನಪಿಲ್ರೀ’ ಎಂದನು. ಏಟು ನೆನಪಿತ್ತೋ ಇಲ್ಲವೋ ತಿಳಿಯದು. ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಹೇಳಿಕೊಟ್ಟದ್ದು ಅವನ ಬಾಯಲ್ಲಿ ಉಳಿಯಿತು. ಅವನದೇ ಆಗಿದ್ದುದು ಅಳಿಯಿತು. ಆ ರಾತ್ರಿ ಪೂಜೆಗೆ ಕುಳಿತಾಗ ಅಂಗೈಯ ಮೇಲಿನ ಲಿಂಗವನ್ನು ದೃಷ್ಟಿಸಲಾರದೆ ಕಣ್ಣು ತಗ್ಗಿಸಿದೆನು.

ಅಂಗೈಯ ಲಿಂಗವೆಂದೆನಷ್ಟೆ, ನನ್ನ ಪ್ರಶ್ನೆಗೆ ಉತ್ತರವು ಅಲ್ಲಿಯೇ ಇದ್ದಿತೆಂಬುದು ಮೆಲ್ಲಮೆಲ್ಲನೆ ಹೊಳೆಯಿತು. ನಮ್ಮ ಧರ್ಮದಲ್ಲಿ ಗುರುವಿಗಿರುವ ಸ್ಥಾನವು ಎಷ್ಟು ಹಿರಿದೆಂಬುದನ್ನು ಹೇಳಬೇಕಾದುದಿಲ್ಲ. ಅಷ್ಟಾವರಣಗಳಲ್ಲಿ ಮೊದಲನೆಯದೇ ಗುರು. ಆದರೆ ಆ ಗುರುವು ಮಾಡುವ ಕಾರ್ಯವೇನೆಂಬುದನ್ನು ಸಾವಧಾನದಿಂದ ನೋಡಬೇಕು. ದೀಕ್ಷಾಕಾಲದಲ್ಲಿ ಆತನು ಶಿಷ್ಯನ ಕಿವಿಯಲ್ಲಿ ಮಂತ್ರವನ್ನುಸುರುವನು. ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲದಲ್ಲಿಡುವನು. ಅನಂತರ ತನ್ನ ಕೈಯನ್ನು ಹಿಂದೆಗೆದುಕೊಳ್ಳುವನು. ಆ ಕ್ಷಣದಿಂದ ಆ ಲಿಂಗವನ್ನು ನೋಡಬೇಕಾದವನು, ಅರ್ಚಿಸಬೇಕಾದವನು, ಕಾಪಾಡಬೇಕಾದವನು ಶಿಷ್ಯನೇ. ಒಬ್ಬನ ಲಿಂಗವನ್ನು ಮತ್ತೊಬ್ಬನು ಅವನ ಪರವಾಗಿ ಪೂಜಿಸುವ ಪದ್ಧತಿ ನಮ್ಮಲ್ಲಿಲ್ಲ. ದೇಗುಲದಲ್ಲಿ ಅರ್ಚಕನಿಗೆ ಕಾಯಿ ಕೊಟ್ಟು ಹೊರಗೆ ನಿಂತರೆ ಪೂಜೆಯಾಗಬಹುದು. ಇಷ್ಟಲಿಂಗದ ಮುಂದೆ ಹೊರಗೆ ನಿಲ್ಲಲು ಸ್ಥಳವೇ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ಮಾಡಿದ ಮಹಾಕ್ರಾಂತಿಯ ತಿರುಳು ಇದರಲ್ಲಿಯೇ ಇರುವುದು. ದೇವರಿಗೂ ಭಕ್ತನಿಗೂ ನಡುವಣ ಮಧ್ಯಸ್ಥನನ್ನು ಅವರು ತೆಗೆದುಹಾಕಿದರು.

ಇನ್ನು ವಿದ್ಯೆಯ ವಿಚಾರಕ್ಕೆ ಬರೋಣ. ದೇವರ ವಿಷಯದಲ್ಲಿ ಮಧ್ಯಸ್ಥನನ್ನು ಒಲ್ಲೆವೆಂದ ನಾವು ಅರಿವಿನ ವಿಷಯದಲ್ಲಿ ಮಧ್ಯಸ್ಥನನ್ನು ಕೂರಿಸಿಕೊಂಡಿರುವೆವಲ್ಲವೇ? ‘ನಾನು ಹೇಳಿದ್ದನ್ನು ಹೇಳು, ನಾನು ಬರೆಸಿದ್ದನ್ನು ಬರೆ, ಅದಕ್ಕೆ ಹೊರಗಾದುದನ್ನು ಕೇಳಬೇಡ’ ಎನ್ನುವ ಅಧ್ಯಾಪಕನು ಗರ್ಭಗುಡಿಯ ಬಾಗಿಲಲ್ಲಿ ನಿಂತ ಅರ್ಚಕನಿಗೆ ಸಮಾನನು. ಮಗುವು ಹೊರಗೆ ನಿಂತು ಕೈಮುಗಿಯುವುದು, ಒಳಗೇನಿದೆಯೆಂಬುದನ್ನು ಕಾಣದು. ಆ ಹುಡುಗನು ಕಾಯಕದ ತತ್ತ್ವವನ್ನು ಎತ್ತಿ ತನ್ನ ಅಂಗೈಯ ಮೇಲಿಟ್ಟುಕೊಂಡು ನೋಡಲೆತ್ನಿಸಿದನು: ಇದು ನನ್ನ ಅವ್ವನ ಹೊಲಕ್ಕೆ ಸಲ್ಲುವುದೇ, ಇಲ್ಲವೇ? ನಾನು ಆ ಅಂಗೈಗೇ ಹೊಡೆದೆನು.

ಅವನ ಪ್ರಶ್ನೆಗೆ ಉತ್ತರವೇನಿತ್ತು? ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡುದನ್ನು ಹೇಳುವೆನು. ಆಯ್ದಕ್ಕಿ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರಿತೆಂದು ಸತಿಯಾದ ಲಕ್ಕಮ್ಮನು ಎಚ್ಚರಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುವುದು. ಪ್ರಭುದೇವರ ಸನ್ನಿಧಿಯ ಜ್ಞಾನಗೋಷ್ಠಿಗಿಂತಲೂ ಅಕ್ಕಿ ಆಯುವ ಕೆಲಸವು ಆ ತಾಯಿಗೆ ತುರ್ತಾಗಿ ಕಂಡಿತು. ಅದೇ ತಾಯಿಯು, ಗಂಡನು ಅವಸರದಿಂದ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಹೆಚ್ಚಾದುದು ನಮ್ಮದಲ್ಲವೆಂದು ಮರಳಿ ಸುರಿದುಬರಲು ಹೇಳಿದಳು. ಹುಡುಗನ ಪ್ರಶ್ನೆಗೆ ಇದಕ್ಕಿಂತ ಯೋಗ್ಯವಾದ ಉತ್ತರವುಂಟೇ? ‘ಹೌದು ಮಗು, ಅವ್ವನೊಡನೆ ಶೇಂಗಾ ಕಿತ್ತದ್ದು ಕಾಯಕವೇ. ಆದರೆ ಕಾಯಕಕ್ಕೆ ಹೊತ್ತೂ ಮೇರೆಯೂ ಉಂಟು. ವಿದ್ಯಾರ್ಥಿಗೆ ಓದೂ ಒಂದು ಕಾಯಕ. ಎರಡಕ್ಕೂ ಹೊತ್ತನ್ನು ಹೇಗೆ ಹಂಚೋಣ? ಹೇಳಿ ಹೋಗಿದ್ದರೆ ಎಂಟು ದಿನದ ಪಾಠವನ್ನು ನಾನು ಬಂದು ಹೇಳಿಕೊಡುತ್ತಿದ್ದೆನಲ್ಲ?’ ಎಂದು ಕೇಳಬಹುದಾಗಿತ್ತು. ಆ ಒಂದು ಗಂಟೆಯಲ್ಲಿ ನಲವತ್ತು ಮಕ್ಕಳ ಅಂಗೈಯಲ್ಲಿ ಕಾಯಕತತ್ತ್ವವು ಕುಳಿತುಕೊಳ್ಳುತ್ತಿತ್ತು. ನನಗೆ ಕಥೆ ಗೊತ್ತಿತ್ತು, ಅದರ ವಿದ್ಯೆ ಗೊತ್ತಿರಲಿಲ್ಲ. ಅದನ್ನು ಕಲಿಸಲು ಬಂದವನು ಆ ಹುಡುಗನು.

ಶರಣರ ಸಾಹಿತ್ಯದಲ್ಲಿ ಕಲಿಸುವಿಕೆಯ ಬಗೆಯನ್ನು ಹುಡುಕಿದರೆ ಇದೇ ಅಂಶವು ಮತ್ತೆ ಮತ್ತೆ ಕಾಣುವುದು. ಹದಿನೈದನೆಯ ಶತಮಾನದಲ್ಲಿ ವಚನಗಳನ್ನು ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದ ಮಹನೀಯರು ಅವನ್ನು ಉಪದೇಶಗಳ ಪಟ್ಟಿಯಾಗಿ ಇಡಲಿಲ್ಲ, ಸಂವಾದವಾಗಿ ಇಟ್ಟರು. ಒಬ್ಬರ ಮಾತು ಮತ್ತೊಬ್ಬರ ಮಾತನ್ನು ಕೆಣಕುವುದು, ಒರೆಗೆ ಹಚ್ಚುವುದು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಹೂವಿನ ಮಾತಿನಿಂದ ಬರಮಾಡಿಕೊಳ್ಳಲಿಲ್ಲ. ಕಠಿನವಾದ ಪ್ರಶ್ನೆಗಳನ್ನು ಕೇಳಿದರು. ಅವಳೂ ತಲೆತಗ್ಗಿಸಿ ನಿಲ್ಲದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಆ ನಿರ್ಭಯವಾದ ಉತ್ತರಗಳಿಗಾಗಿಯೇ ಸಭೆಯು ಅವಳಿಗೆ ತಲೆಬಾಗಿತು. ಸೊನ್ನಲಿಗೆಯಲ್ಲಿ ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನು ಕಲ್ಯಾಣಕ್ಕೆ ಬಂದು, ಒಳಗಿನ ಲಿಂಗವಿರುವಾಗ ಹೊರಗಿನ ಲಿಂಗವೇಕೆಂದು ವಾದಿಸಿದನು. ಯಾರೂ ಅವನನ್ನು ಗದರಿ ಬಾಯಿ ಮುಚ್ಚಿಸಲಿಲ್ಲ. ವಾದವು ತೀರುವವರೆಗೆ ಸಭೆಯು ಕಾದಿತು. ಕೊನೆಗೆ ವಯಸ್ಸಿನಲ್ಲಿ ಚಿಕ್ಕವನಾದ ಚೆನ್ನಬಸವಣ್ಣನಿಂದ ಅವನು ದೀಕ್ಷೆಯನ್ನು ಪಡೆದನು. ಕಲಿಸುವವನಿಗೆ ಹಿರಿತನವೇ ಲಕ್ಷಣವಲ್ಲ, ಕಲಿಯುವವನಿಗೆ ಮೌನವೇ ಲಕ್ಷಣವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಪ್ರಭುದೇವರೇ ತಮ್ಮ ಗುರುವನ್ನು ಕಂಡ ಬಗೆಯನ್ನು ನೆನೆಯಿರಿ. ನೆಲದಲ್ಲಿ ಹೂತುಹೋದ ಗುಡಿಯ ಬಾಗಿಲು ತೆರೆದಾಗ ಅನಿಮಿಷಯ್ಯನು ಎವೆಯಿಕ್ಕದೆ ಕರಸ್ಥಲದ ಲಿಂಗವನ್ನೇ ನೋಡುತ್ತ ಕುಳಿತಿದ್ದನಂತೆ. ಒಂದು ಮಾತಿಲ್ಲ, ಉಪನ್ಯಾಸವಿಲ್ಲ. ಆ ಕೈಯಿಂದ ಈ ಕೈಗೆ ಲಿಂಗವು ಬಂದಿತು; ಕೊಟ್ಟವನ ಪ್ರಾಣವು ಬಯಲಾಯಿತು. ಕೊಟ್ಟೆನೆಂದು ಹೇಳಿಕೊಳ್ಳಲು ಗುರುವೇ ಉಳಿಯಲಿಲ್ಲ. ಇದನ್ನು ಕಥೆಯೆಂದು ಕೇಳಿ ಬಿಡಬಾರದು. ಕಲಿಸಿದವನು ಕಲಿತವನಲ್ಲಿ ಎಷ್ಟರಮಟ್ಟಿಗೆ ಕಾಣದೆಹೋಗುವನೋ ಅಷ್ಟರಮಟ್ಟಿಗೆ ಕಲಿಸಿರುವನು ಎಂಬ ಸೂಕ್ಷ್ಮವು ಇದರಲ್ಲಿ ಅಡಗಿದೆ. ಶಿಷ್ಯನು ಮಾತುಮಾತಿಗೆ ‘ನಮ್ಮ ಗುರುಗಳು ಹೀಗೆ ಹೇಳಿದರು’ ಎನ್ನುತ್ತಿದ್ದರೆ ನಮಗೆ ಹಿಗ್ಗಾಗುವುದು. ಆದರೆ ‘ನನಗೆ ಹೀಗೆ ತೋರುವುದು’ ಎಂದು ಅವನು ನುಡಿಯುವ ದಿನವೇ ನಮ್ಮ ಕಾಯಕವು ಫಲಿಸಿದ ದಿನ.

ಪುರಾಣದ ಮಾತಾಯಿತು, ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವುಂಟೇ ಎಂದು ಕೇಳುವವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ತೋರಿಸುವೆನು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಅಂಧರೂ ಅನಾಥರೂ ಬಡವರೂ ಆದ ಎಷ್ಟೋ ಮಕ್ಕಳು ಅಲ್ಲಿ ಅನ್ನವನ್ನುಂಡು ಸಂಗೀತವನ್ನು ಕಲಿತು ಲೋಕಕ್ಕೆ ಬಂದರು. ಕಾಣದ ಗುರುವು ಕಾಣದ ಶಿಷ್ಯನಿಗೆ ಕಲಿಸುವಾಗ ಕಪ್ಪುಹಲಗೆಯಿಂದೇನು ಫಲ, ಕಣ್ಣು ಕೆಂಪಗೆ ಮಾಡುವುದರಿಂದೇನು ಫಲ? ಸ್ವರವನ್ನು ಕಿವಿಗೆ ಮುಟ್ಟಿಸಬೇಕು. ಬೆರಳನ್ನು ಹಿಡಿದು ವಾದ್ಯದ ಮೇಲಿಡಬೇಕು. ಬಳಿಕ ಕೈಬಿಟ್ಟು ಕೇಳಬೇಕು. ಹಿಡಿದ ಕೈಯನ್ನು ಬಿಡದಿದ್ದರೆ ನಾದವು ಗುರುವಿನದೇ ಆಗುವುದು. ಬಹಳ ಬೇಗ ಬಿಟ್ಟರೆ ಶಿಷ್ಯನು ಕತ್ತಲೆಯಲ್ಲಿ ತಡವರಿಸುವನು. ಹಿಡಿಯುವ ಹೊತ್ತನ್ನೂ ಬಿಡುವ ಹೊತ್ತನ್ನೂ ಅರಿತವನೇ ಅಧ್ಯಾಪಕನು. ವಿಚಾರಿಸಿದರೆ ನಮ್ಮ ಮುಂದೆ ಕುಳಿತ ಕಣ್ಣುಳ್ಳ ಮಕ್ಕಳೂ ಕಲಿಯಬೇಕಾದ ವಿಷಯದಲ್ಲಿ ಕತ್ತಲೆಯಲ್ಲಿಯೇ ಇರುವರು.

ಇನ್ನೊಂದು ನಿದರ್ಶನವು ನಮ್ಮ ವಚನಸಾಹಿತ್ಯದ್ದೇ. ಶರಣರ ವಚನಗಳ ತಾಡವೋಲೆಯ ಕಟ್ಟುಗಳು ಎಷ್ಟೋ ಮನೆಗಳ ಮತ್ತು ಮಠಗಳ ಜಗಲಿಯ ಮೇಲೆ ವಿಭೂತಿ ಹೂವುಗಳಿಂದ ಪೂಜೆಗೊಳ್ಳುತ್ತ ಕುಳಿತಿದ್ದವು. ಭಕ್ತಿಗೆ ಕೊರತೆಯಿರಲಿಲ್ಲ, ಬಿಚ್ಚಿ ಓದುವವರು ವಿರಳವಾಗಿದ್ದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಅಂಥ ಕಟ್ಟುಗಳನ್ನು ಊರೂರು ತಿರುಗಿ ಸಂಗ್ರಹಿಸಿ, ಓದಿ, ಪರಿಷ್ಕರಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲಿದ್ದುದು ಜನರ ಅಂಗೈಗೆ ಬಂದಿತು. ಅರ್ಥವರಿಯದೆ ಕಂಠಪಾಠ ಮಾಡಿದ ವಚನವು ಕಟ್ಟು ಬಿಚ್ಚದ ಓಲೆಯಂತೆ. ಮಗುವಿನ ನಾಲಗೆಯು ಜಗಲಿಯಾಯಿತು, ಅಷ್ಟೆ. ಆ ಕಟ್ಟನ್ನು ಬಿಚ್ಚುವ ಕೈ ಯಾವುದೆಂದರೆ ಪ್ರಶ್ನೆಯೇ.

ಇಲ್ಲಿ ಕೆಲವು ಆಕ್ಷೇಪಗಳು ಏಳುವುವು. ಅವನ್ನು ನಾನೇ ಎತ್ತಿ ಸಮಾಧಾನ ಹೇಳಲೆತ್ನಿಸುವೆನು.

ಮೊದಲನೆಯದು: ಹೀಗೆ ಸಲಿಗೆ ಕೊಟ್ಟರೆ ಗುರುಭಕ್ತಿಯು ಉಳಿಯುವುದೇ? ಉಳಿಯುವುದೆಂದೇ ನನ್ನ ಅನುಭವ. ಭಯವೂ ಭಕ್ತಿಯೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವುವು, ಎರಡೂ ಕೈಮುಗಿಯುವುವು. ಆದರೆ ಭಯವು ಗುರುವು ಮರೆಯಾದೊಡನೆ ಕೈಬಿಡುವುದು. ಭಕ್ತಿಯು ಗುರುವಿಲ್ಲದ ಕಡೆಯಲ್ಲಿಯೂ ಅವನ ಮಾತನ್ನು ನಡೆಸುವುದು. ಕೇಳಲು ಎಡೆಗೊಟ್ಟ ಗುರುವನ್ನು ಮಕ್ಕಳು ಹಗುರಾಗಿ ಕಾಣುವುದಿಲ್ಲ. ‘ಇದು ನನಗೆ ತಿಳಿಯದು, ನಾಳೆ ನೋಡಿಕೊಂಡು ಬಂದು ಹೇಳುವೆನು’ ಎಂದು ಮೊದಲ ಸಲ ತರಗತಿಯಲ್ಲಿ ಹೇಳಿದಾಗ ನನ್ನ ನಾಲಗೆ ತಡವರಿಸಿತು. ಮರುದಿನ ಮಕ್ಕಳು ನನಗಿಂತ ಮೊದಲೇ ಬಂದು ಕುಳಿತಿದ್ದರು.

ಎರಡನೆಯದು: ಕಂಠಪಾಠವೇ ಬೇಡವೇ? ಬೇಕು, ಖಂಡಿತವಾಗಿ ಬೇಕು. ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿಸಿದ ನನ್ನ ಗುರುಗಳನ್ನು ನಾನು ನಿತ್ಯವೂ ಸ್ಮರಿಸುವೆನು. ಇಂದಿಗೂ ಬೇಕಾದ ಶಬ್ದವು ಕರೆದೊಡನೆ ಬಂದು ನಿಲ್ಲುವುದು. ಕಣಜದಲ್ಲಿ ಕಾಳಿಲ್ಲದೆ ಅಡಿಗೆಯಿಲ್ಲ. ಆದರೆ ಕಣಜ ತುಂಬಿದ್ದನ್ನೇ ಊಟವೆಂದು ತಿಳಿಯಬಾರದು. ವಿದ್ಯೆಯ ನಾಲ್ಕು ಪಾಲುಗಳಲ್ಲಿ ಒಂದು ಗುರುವಿನಿಂದ, ಒಂದು ಸ್ವಂತ ಬುದ್ಧಿಯಿಂದ, ಒಂದು ಸಹಪಾಠಿಗಳಿಂದ, ಮತ್ತೊಂದು ಕಾಲದಿಂದ ಬರುವುದೆಂದು ಸಂಸ್ಕೃತದ ಹಿರಿಯರೂ ಲೆಕ್ಕ ಹೇಳಿರುವರು. ಗುರುವಿಗೆ ಅವರು ಕೊಟ್ಟುದು ಕಾಲು ಭಾಗವನ್ನು ಮಾತ್ರ. ನಾವು ನಾಲ್ಕು ಪಾಲನ್ನೂ ನಮ್ಮದೆಂದು ಹಿಡಿದು ಕುಳಿತರೆ ಉಳಿದ ಮೂರನ್ನು ಕದ್ದಂತೆ.

ಮೂರನೆಯದು: ನಲವತ್ತು ಐವತ್ತು ಮಕ್ಕಳ ತರಗತಿಯಲ್ಲಿ, ಪರೀಕ್ಷೆಯು ಮುಂದೆ ನಿಂತಿರುವಾಗ, ಇದಕ್ಕೆಲ್ಲ ಹೊತ್ತೆಲ್ಲಿ? ಈ ಆಕ್ಷೇಪವು ನ್ಯಾಯವಾದುದು. ಇದಕ್ಕೆ ಪೂರ್ಣವಾದ ಉತ್ತರವು ನನ್ನಲ್ಲಿಲ್ಲ. ನಾನು ಮಾಡುವುದನ್ನು ಮಾತ್ರ ಹೇಳಬಲ್ಲೆನು. ವಚನಪಾಠದ ದಿನ ಮೊದಲು ನಾನು ಎರಡು ಸಲ ಓದುವೆನು, ಮಕ್ಕಳು ಒಂದಾಗಿ ಓದುವರು. ಅನಂತರ ಒಬ್ಬರು ಅದನ್ನು ತಮ್ಮ ಮನೆಯ ಆಡುಮಾತಿನಲ್ಲಿ ಅವ್ವನಿಗೆ ಹೇಳುವಂತೆ ಹೇಳಬೇಕು. ಆಗಲೇ ತಿಳಿದುದೆಷ್ಟು, ತಿಳಿಯದುದೆಷ್ಟು ಎಂಬುದು ಬಯಲಾಗುವುದು. ಕೊನೆಯಲ್ಲಿ ಒಂದು ಪ್ರಶ್ನೆ: ‘ಇದು ನಿನ್ನ ಮನೆಯಲ್ಲಿ, ನಿನ್ನ ಓಣಿಯಲ್ಲಿ ಎಲ್ಲಿದೆ?’ ದಾಸೋಹದ ಪಾಠವಾದರೆ ಪ್ರಸಾದನಿಲಯದ ಅಡಿಗೆಮನೆಗೆ ಕರೆದೊಯ್ಯುವೆನು. ಎಷ್ಟು ಅಕ್ಕಿ ಬೇಯುವುದು, ಅದು ಯಾರ ಹೊಲದಿಂದ ಬಂದಿತು, ತಟ್ಟೆಯಲ್ಲಿ ಎಷ್ಟು ಉಳಿಯುವುದು ಎಂದು ಅವರೇ ಲೆಕ್ಕ ಹಾಕುವರು. ಅದರಲ್ಲಿ ಗಣಿತವೂ ಆಯಿತು, ಧರ್ಮವೂ ಆಯಿತು. ಅನ್ನವನ್ನು ಚೆಲ್ಲಬೇಡಿರೆಂದು ನಾನು ಹತ್ತು ವರ್ಷ ಹೇಳಿದುದಕ್ಕಿಂತ ಆ ಒಂದು ದಿನದ ಲೆಕ್ಕದಿಂದ ಹೆಚ್ಚು ಅನ್ನವು ಉಳಿಯಿತು. ಎಲ್ಲ ಪಾಠಗಳನ್ನೂ ಹೀಗೆ ಮಾಡಲಾಗದು. ವಾರಕ್ಕೆ ಒಂದನ್ನಾದರೂ ಮಾಡಬಹುದು.

ನಾಲ್ಕನೆಯದು: ಎಲ್ಲ ಪ್ರಶ್ನೆಗಳೂ ಅರಿವಿನ ಪ್ರಶ್ನೆಗಳೇ? ಚೇಷ್ಟೆಯ ಪ್ರಶ್ನೆಯೂ ಇರುವುದಲ್ಲವೇ? ಇರುವುದು. ಆದರೆ ನಾನು ಚೇಷ್ಟೆಯೆಂದು ತಿಳಿದು ಹೊಡೆದುದು ಅರಿವಿನ ಪ್ರಶ್ನೆಯಾಗಿತ್ತೆಂಬುದನ್ನು ಮರೆಯಲಾರೆನು. ಚೇಷ್ಟೆಯ ಪ್ರಶ್ನೆಗೆ ಸಮಾಧಾನದ ಉತ್ತರವನ್ನು ಕೊಟ್ಟರೆ ಒಂದು ನಿಮಿಷ ನಷ್ಟವಾಗುವುದು. ನಿಜವಾದ ಪ್ರಶ್ನೆಯನ್ನು ಚೇಷ್ಟೆಯೆಂದು ದಂಡಿಸಿದರೆ ಒಂದು ಜೀವಕ್ಕೆ ನಷ್ಟವಾಗುವುದು. ಎರಡರಲ್ಲಿ ಯಾವ ನಷ್ಟವನ್ನು ಹೊರಬೇಕೆಂಬುದು ಸ್ಪಷ್ಟವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿತು. ಕಾಯಿದೆಯ ಭಯದಿಂದ ಬೆತ್ತವನ್ನು ಮೂಲೆಗಿಟ್ಟ ಕೈ ಬೇರೆ, ಅರಿತು ಇಟ್ಟ ಕೈ ಬೇರೆ. ಬೆತ್ತವಿಲ್ಲದೆಯೂ ಒಂದು ಹೀನಾಯದ ನಗೆಯಿಂದ ಮಗುವಿನ ಬಾಯಿ ಮುಚ್ಚಿಸಬಹುದೆಂಬುದು ಎಲ್ಲ ಅಧ್ಯಾಪಕರಿಗೂ ಗೊತ್ತು. ಆ ನಗೆಯನ್ನು ಕಾಯಿದೆಯು ಹಿಡಿಯಲಾರದು. ಅಂಗೈಯ ಲಿಂಗವೇ ಹಿಡಿಯಬೇಕು.

ಈಗಿನ ಕಾಲದಲ್ಲಿ ಮಕ್ಕಳ ಕರಸ್ಥಲಕ್ಕೆ ಮತ್ತೊಂದು ವಸ್ತುವು ಬಂದು ಕುಳಿತಿದೆ. ಮೊಬೈಲನ್ನು ಕುರಿತು ಹೇಳುತ್ತಿದ್ದೇನೆ. ಪದದ ಅರ್ಥ, ರಾಜರ ಕಾಲ, ಗಣಿತದ ಉತ್ತರ, ಎಲ್ಲವೂ ಬೆರಳ ತುದಿಯಲ್ಲಿ ಸಿಕ್ಕುವಾಗ ಅಧ್ಯಾಪಕನು ಬೇಕೇ ಎಂದು ಕೆಲವರು ಕೇಳುವರು. ಕೇವಲ ವಿಷಯವನ್ನು ಒಪ್ಪಿಸುವ ಅಧ್ಯಾಪಕನು ಬೇಡವೇನೋ. ಅವನ ಕೆಲಸವನ್ನು ಯಂತ್ರವೇ ಮಾಡುವುದು. ಆದರೆ ಅಂಗೈಯಲ್ಲಿರುವುದೆಲ್ಲವೂ ಲಿಂಗವಲ್ಲ. ಇಷ್ಟಲಿಂಗಪೂಜೆಯಲ್ಲಿ ದೃಷ್ಟಿಯು ಒಂದೆಡೆ ನಿಲ್ಲುವುದು; ಈ ಯಂತ್ರದ ಮುಂದೆ ದೃಷ್ಟಿಯು ನಿಲ್ಲದೆ ಜಾರುತ್ತಲೇ ಇರುವುದು. ಉತ್ತರಗಳು ರಾಶಿಯಾಗಿ ಬಿದ್ದಿರುವ ಈ ಕಾಲದಲ್ಲಿ ತನ್ನದೇ ಆದ ಒಂದು ಪ್ರಶ್ನೆಯನ್ನು ಹಿಡಿದು ಅದರ ಮೇಲೆ ದೃಷ್ಟಿಯನ್ನು ನಿಲ್ಲಿಸುವುದನ್ನು ಮಗುವಿಗೆ ಯಾರು ಕಲಿಸುವರು? ಹತ್ತಿರ ಕುಳಿತು, ಅದರ ಮುಖವನ್ನು ನೋಡಿ, ‘ನಿನಗೇನು ತೋರುವುದು?’ ಎಂದು ಕೇಳಿ, ಉತ್ತರಕ್ಕಾಗಿ ಕಾಯುವ ಮನುಷ್ಯನು ಬೇಕು. ಕಾಯುವುದೇ ಈ ಕಾಯಕದ ಕಷ್ಟದ ಭಾಗ. ಪ್ರಶ್ನೆ ಕೇಳಿದ ಮೇಲೆ ನಾವು ಎರಡು ಉಸಿರಿನಷ್ಟು ಹೊತ್ತೂ ಕಾಯದೆ ಉತ್ತರವನ್ನು ನಾವೇ ಹೇಳಿಬಿಡುವೆವು. ಸುಮ್ಮನಿರುವುದನ್ನು ನಾನು ಐವತ್ತರ ಸಮೀಪದಲ್ಲಿ ಕಲಿತೆನು.

ಮನೆಯ ತಂದೆತಾಯಿಗಳಿಗೂ ಒಂದೆರಡು ಮಾತು. ಹುಡುಗನನ್ನು ಶಾಲೆಗೆ ತಂದುಬಿಡುವಾಗ ‘ಚೆನ್ನಾಗಿ ಹೊಡೆದು ಕಲಿಸಿರಿ’ ಎಂದು ಹೇಳುವವರು ಈಗಲೂ ಉಂಟು. ಅವರ ಮಾತಿನಲ್ಲಿ ಪ್ರೀತಿಯಿದೆಯೆಂಬುದನ್ನು ನಾನು ಬಲ್ಲೆನು. ಆದರೆ ಮಗನಿಗೆ ಲಿಂಗವನ್ನು ಕಟ್ಟಿಸಿದವರು ನೀವೇ. ಅವನೊಳಗೆ ಶಿವನಿರುವನೆಂದು ನಂಬಿ ಕಟ್ಟಿಸಿದಿರಿ. ಒಳಗೆ ಶಿವನಿರುವ ದೇಹವನ್ನು ಹೊಡೆದು ಹದಗೊಳಿಸಬೇಕಾದುದು ಹೇಗೆ? ಸಂಜೆ ಮಗುವು ಮನೆಗೆ ಬಂದಾಗ ‘ಎಷ್ಟು ಅಂಕ ಬಂದಿತು?’ ಎಂದು ಕೇಳುವ ಮೊದಲು ‘ಈ ದಿನ ಗುರುಗಳನ್ನು ಏನು ಕೇಳಿದೆ?’ ಎಂದು ಕೇಳಿರಿ. ಏನನ್ನೂ ಕೇಳಲಿಲ್ಲವೆಂದರೆ ಗದರಬೇಡಿರಿ. ನಾಳೆ ಕೇಳಲು ಏನಿದೆಯೆಂದು ಕೂಡಿ ಯೋಚಿಸಿರಿ. ಹೊಲದ ಕೆಲಸಕ್ಕೆ ಮಗನು ಬೇಕಾದರೆ ಶಾಲೆಗೆ ಬಂದು ತಿಳಿಸಿರಿ. ಆ ಕೆಲಸವನ್ನು ನಾಚಿಕೆಯೆಂದು ಮುಚ್ಚಿಡಬೇಡಿರಿ. ಮನೆಯ ಕಾಯಕವೂ ಶಾಲೆಯ ವಿದ್ಯೆಯೂ ಒಂದನ್ನೊಂದು ಅರಿಯದೆ ಬೇರೆ ಬೇರೆ ದಾರಿಯಲ್ಲಿ ನಡೆದರೆ ನಡುವೆ ನಿಂತ ಮಗುವು ಎರಡಕ್ಕೂ ಅನ್ಯವಾಗುವುದು.

ಕೊನೆಯದಾಗಿ, ನನ್ನ ಸಹೋದ್ಯೋಗಿಗಳಿಗೂ ನನಗೂ ಕೂಡಿ ಹೇಳಿಕೊಳ್ಳುವ ಮಾತು. ಸಂಬಳವನ್ನು ತೆಗೆದುಕೊಳ್ಳುವುದರಿಂದ ನಮ್ಮ ಕೆಲಸವು ಕಾಯಕವಲ್ಲವೆಂದಾಗದು. ಶರಣರೂ ತಮ್ಮ ಕಾಯಕದಿಂದಲೇ ಜೀವಿಸಿದರು. ಆದರೆ ಲಕ್ಕಮ್ಮನ ತಕ್ಕಡಿಯಲ್ಲಿ ನಮ್ಮನ್ನು ನಾವು ತೂಗಿಕೊಳ್ಳಬೇಕು. ಮಕ್ಕಳಿಂದ ನಾವು ಹೆಚ್ಚಾಗಿ ಆಯ್ದು ತಂದುದೇನು? ಅವರ ಭಯ, ಅವರ ಹೊಗಳಿಕೆ, ಅವರ ಮೌನದಿಂದ ನಮಗೆ ದೊರೆತ ನೆಮ್ಮದಿ—ಇವು ನಮ್ಮ ಪಾಲಿಗೆ ಸಲ್ಲದ ಅಕ್ಕಿ. ಮರಳಿ ಸುರಿದುಬರಬೇಕಾದುದು.

ನಾನು ಸುರಿದುಬರಲು ಹೊರಟಾಗ ಆ ಹುಡುಗನ ಪ್ರಶ್ನೆಯು ಅವನಿಗೇ ಮರೆತುಹೋಗಿತ್ತು. ಅದನ್ನು ಅವನಿಗೆ ತಿರುಗಿ ಕೊಡುವ ದಾರಿ ನನಗಿಲ್ಲ. ಆದುದರಿಂದ ಪ್ರತಿವರ್ಷ ಎಂಟನೆಯ ಇಯತ್ತೆಯಲ್ಲಿ ನುಲಿಯ ಚಂದಯ್ಯನ ಕಥೆಯನ್ನು ಮುಗಿಸಿದ ಕೂಡಲೇ, ಹೆಸರು ಹೇಳದೆ, ಆ ಪ್ರಶ್ನೆಯನ್ನು ನಾನೇ ತರಗತಿಯ ಮುಂದಿಡುವೆನು: ‘ಒಬ್ಬ ಹುಡುಗನು ಅವ್ವನೊಡನೆ ಶೇಂಗಾ ಕೀಳಲು ಹೋದನು. ಅದು ಕಾಯಕವೋ ಅಲ್ಲವೋ?’ ಮಕ್ಕಳು ಮೊದಲು ಸುಮ್ಮನಿರುವರು. ನಾನೂ ಸುಮ್ಮನೆ ಕಾಯುವೆನು. ಬಳಿಕ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುವುದು. ಆ ಕೈಯನ್ನು ಕಂಡಾಗ ನನಗೆ ಕರಸ್ಥಲವೆಂಬ ಮಾತಿನ ಅರ್ಥವಾಗುವುದು.